ಈಗ ಯಾರ ಹತ್ತಿರ ಇದೆ?

9 ಆಗಸ್ಟ್ 2025, ಶನಿವಾರ

ವರಮಹಾಲಕ್ಷ್ಮಿ ಹಬ್ಬ ನಿನ್ನೆಗೆ ಮುಗಿಯಿತು. ಮುಂದೆ ಕೃಷ್ಣಾಷ್ಟಮಿ, ಗೌರಿ ಗಣೇಶ, ದಸರಾ, ದೀಪಾವಳಿ ಸಾಲಾಗಿ ನಿಂತಿವೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾರುವ ನಮ್ಮಂಥ ಕಂಪನಿಗೆ ವರ್ಷದ ದುಡಿಮೆ ಬಹುಪಾಲು ಈ ಮೂರು ತಿಂಗಳಲ್ಲೇ. ಚಿಕ್ಕ ಯಜಮಾನರು ಇವತ್ತಿನ ಮೀಟಿಂಗಿನಲ್ಲಿ, "ಮೇಡಂ, ದಸರಾ ಮುಗಿಯೋದ್ರೊಳಗೆ ಮಾರ್ಕೆಟಿಂಗ್ ಟೀಮಿಗೆ ಒಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಆರಿಸಿಬಿಡಿ. ಯಾವುದು ಅನ್ನೋದು ನಿಮಗೆ ಬಿಟ್ಟಿದ್ದು. ದುಡ್ಡಿನ ಮಾತು ಬಂದಾಗ ನನ್ನ ಹತ್ರ ಬನ್ನಿ" ಅಂದರು.

ಬೇಕೇ ಬೇಕು. ಒಂಬತ್ತು ಜನರ ಟೀಮು. ಪ್ಯಾಕಿಂಗಿಗೆ ಒಂದು ವಾಟ್ಸಾಪ್ ಗ್ರೂಪು, ಅಂಗಡಿ ಬೋರ್ಡುಗಳಿಗೆ ಒಂದು, ಸೋಶಿಯಲ್ ಮೀಡಿಯಾಕ್ಕೆ ಒಂದು, ವಿತರಕರದ್ದು ಬೇರೆ. ನಡುವೆ ಒಂದು ಗೂಗಲ್ ಶೀಟು. ಅದನ್ನು ತುಂಬುವುದು ಸೋಮವಾರ, ನೋಡುವುದು ಯಾವಾಗಲೋ. ಡಿಸೈನರ್ ಹುಡುಗನ ಕಂಪ್ಯೂಟರಿನಲ್ಲಿ 'ಫೈನಲ್', 'ಫೈನಲ್ 2', 'ಪ್ರಿಂಟಿಗೆ ಫೈನಲ್' ಎಂಬ ಹೆಸರಿನ ಫೈಲುಗಳು ಸಾಲುಗಟ್ಟಿವೆ. ಆಫೀಸಿನಲ್ಲಿ ದಿನವಿಡೀ ಹೆಚ್ಚು ಕೇಳಿಸುವ ಪ್ರಶ್ನೆ ಒಂದೇ: "ಅದು ಈಗ ಯಾರ ಹತ್ರ ಇದೆ?" ಇದಕ್ಕೆ ಉತ್ತರ ಹುಡುಕುವ ಫೋನು ರಾತ್ರಿ ಹತ್ತರ ಮೇಲೂ ಆ ಹುಡುಗನಿಗೆ ಹೋಗುತ್ತದೆ. ಅವನು ಬೇಸರಪಟ್ಟುಕೊಂಡು ಹೇಳಿದ್ದಿಲ್ಲ. ಆದರೆ ಇದು ನಿಲ್ಲಲೇಬೇಕು. ಸಾಫ್ಟ್‌ವೇರ್ ಆರಿಸಲು ನನಗಿರುವ ದೊಡ್ಡ ಕಾರಣ ಅದೇ.

ವೆಬ್‌ಸೈಟುಗಳನ್ನು ಇನ್ನೂ ತೆರೆದಿಲ್ಲ. ತೆರೆದರೆ ಎಲ್ಲವೂ ಚೆಂದವೇ ಕಾಣುತ್ತವೆ. ಮೊದಲು ನಮ್ಮ ಕೆಲಸ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳಬೇಕು.

12 ಆಗಸ್ಟ್, ಮಂಗಳವಾರ

ಕೋಡುಬಳೆ ಪೌಚಿನ ಹಿಂದೆ ಬಿದ್ದು ದಿನ ಕಳೆಯಿತು. ಹೊಸ ಪೌಚಿಗೆ ಮಾತು ಬರೆಯುವುದು ನಮ್ಮ ಕಾಪಿರೈಟರ್. ಅಲ್ಲಿಂದ ಡಿಸೈನರ್. ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ಕೋಷ್ಟಕ ನೋಡಲು ಕ್ವಾಲಿಟಿಯವರು. ಆಮೇಲೆ ದೊಡ್ಡ ಯಜಮಾನರು. ಅವರು ಹೂಂ ಅಂದ ಮೇಲೆ ಸಿಲಿಂಡರ್ ಮಾಡುವವರು, ಫಿಲಂ ಪ್ರಿಂಟ್ ಮಾಡುವವರು, ಲ್ಯಾಮಿನೇಷನ್, ಸ್ಲಿಟಿಂಗ್. ಕೊನೆಗೆ ರೋಲುಗಳು ಪೀಣ್ಯದ ನಮ್ಮ ಪ್ಯಾಕಿಂಗ್ ಮೆಷಿನ್ನಿಗೆ.

ಮಧ್ಯದಲ್ಲಿ ಸಿಲಿಂಡರ್ ಇರುವುದರಿಂದ ಇದು ಫೇಸ್‌ಬುಕ್ ಪೋಸ್ಟಿನ ಹಾಗೆ ಅಳಿಸಿ ಬರೆಯುವ ಕೆಲಸವಲ್ಲ. ಗ್ರಾವ್ಯೂರ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಉಕ್ಕಿನ ಸಿಲಿಂಡರ್. ಅದಕ್ಕೆ ತಾಮ್ರದ ಲೇಪ ಕೊಟ್ಟು, ಅದರ ಮೇಲೆ ಚಿತ್ರ ಕೊರೆದು, ಕ್ರೋಮ್ ಹಾಕುತ್ತಾರೆ. ಒಂದು ಅಕ್ಷರ ತಪ್ಪಿದರೂ ಆ ಬಣ್ಣದ ಸಿಲಿಂಡರನ್ನು ಮತ್ತೆ ಕೊರೆಸಬೇಕು.

ಅಕ್ಷರ ತಪ್ಪುವುದು ಎಲ್ಲಿ ಎಂದು ಡಿಸೈನರ್ ಪಕ್ಕ ಕೂತು ನೋಡಿದೆ. ಕಾಪಿರೈಟರ್ ಕಳಿಸುವ ಕನ್ನಡ ಯೂನಿಕೋಡಿನಲ್ಲಿರುತ್ತದೆ. ವಾಟ್ಸಾಪಿನಲ್ಲಿ ಎಲ್ಲರೂ ಓದಿ, ಸರಿ ಎಂದು ಹೆಬ್ಬೆರಳು ತೋರಿಸುವುದು ಅದಕ್ಕೇ. ಡಿಸೈನರ್ ಅದನ್ನು ತನ್ನ ಡಿಸೈನ್ ಸಾಫ್ಟ್‌ವೇರಿಗೆ ಅಂಟಿಸಿದಾಗ ದಕ್ಷಿಣ ಏಷ್ಯಾದ ಲಿಪಿಗಳ ಸೆಟ್ಟಿಂಗ್ ಆನ್ ಆಗಿರದಿದ್ದರೆ ಚಕ್ಕುಲಿ 'ಚಕ್‌ಕುಲಿ' ಆಗುತ್ತದೆ, ನಿಪ್ಪಟ್ಟು 'ನಿಪ್‌ಪಟ್‌ಟು' ಆಗುತ್ತದೆ. ಅದು ಕಣ್ಣಿಗೆ ಬೀಳುತ್ತದೆ, ತಿದ್ದುತ್ತಾನೆ. ಬೀಳದೇ ಹೋಗುವುದು ಇನ್ನೊಂದು. ಹಳೆಯ ಕೆಲವು ಪೌಚುಗಳ ಫೈಲುಗಳು ನುಡಿ ಫಾಂಟಿನಲ್ಲಿವೆ. ಅವಕ್ಕೆ ಹೊಸ ಸಾಲು ಸೇರಿಸಬೇಕಾದರೆ ಯೂನಿಕೋಡಿನಿಂದ ನುಡಿಗೆ ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು ಒಂದು ಅಕ್ಷರ ಆಚೆ ಕೂತರೂ 'ಸಂಪರ್ಕಿಸಿ' ಕೆಡುತ್ತದೆ. ಅದಿರುವುದು ಪೌಚಿನ ಹಿಂಬದಿಯ ಸಣ್ಣ ಅಕ್ಷರದಲ್ಲಿ, ಗ್ರಾಹಕರ ದೂರಿನ ವಿಳಾಸದ ಮೇಲೆ.

ಅಂದರೆ ನಾವು ಒಪ್ಪಿಗೆ ಕೊಡುತ್ತಿರುವುದು ಒಂದಕ್ಕೆ, ಅಚ್ಚಾಗುತ್ತಿರುವುದು ಇನ್ನೊಂದು. ಸಾಫ್ಟ್‌ವೇರ್ ಯಾವುದೇ ಬರಲಿ, ಒಪ್ಪಿಗೆ ಎಂಬುದು ಅಚ್ಚಿಗೆ ಹೋಗುವ ಪಿಡಿಎಫ್ ಮೇಲೇ ಬೀಳಬೇಕು, ಅದೂ ಒಬ್ಬರ ಹೆಸರಿನಲ್ಲಿ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟೆ.

16 ಆಗಸ್ಟ್, ಶನಿವಾರ

ಇವತ್ತು ಕೃಷ್ಣಾಷ್ಟಮಿ. ಬೆಂಗಳೂರಿಗೆ. ಸೌರಮಾನದ ಲೆಕ್ಕ ಹಿಡಿಯುವ ಉಡುಪಿಯಲ್ಲಿ ಇದು ಸೆಪ್ಟೆಂಬರ್ 14ಕ್ಕೆ, ವಿಟ್ಲಪಿಂಡಿ 15ಕ್ಕೆ. ಕರಾವಳಿಯ ವಿತರಕರಿಗೆ ಚಕ್ಕುಲಿ, ಉಂಡೆ ಗಿಫ್ಟ್ ಪ್ಯಾಕು ಬೇಕಾಗುವುದು ಆಗ. ಯಾವ ಸಾಫ್ಟ್‌ವೇರಿನ ಕ್ಯಾಲೆಂಡರೂ ಇದನ್ನು ತಾನಾಗಿ ತಿಳಿಯುವುದಿಲ್ಲ, ತಿಳಿಯಬೇಕೆಂಬ ಹಟವೂ ನನಗಿಲ್ಲ. ಆದರೆ ಒಂದೇ ಹಬ್ಬಕ್ಕೆ ಎರಡು ದಿನಾಂಕ, ಎರಡು ಪ್ರದೇಶ ಎಂದು ನಾವೇ ಗುರುತು ಹಾಕಿಕೊಳ್ಳುವ ಜಾಗ ಅದರಲ್ಲಿ ಇರಬೇಕು. 'ಪ್ರದೇಶ' ಎಂಬ ನಮ್ಮದೇ ಕಾಲಂ ಸೇರಿಸಲು ಬರುತ್ತದೆಯೇ? ನೋಟ್‌ಬುಕ್ಕಿನಲ್ಲಿ ಇದು ಎರಡನೆಯದು.

20 ಆಗಸ್ಟ್, ಬುಧವಾರ

ಡೆಮೊಗಳನ್ನು ನೋಡುತ್ತಿದ್ದೇನೆ. ಒಂದೊಂದು ಸಾಫ್ಟ್‌ವೇರೂ ಹುಟ್ಟಿದ ಮನೆಯ ಗುಣವನ್ನು ಉಳಿಸಿಕೊಂಡೇ ಬೆಳೆದಿದೆ. ಜೀರಾ 2002ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ ತಂದದ್ದು. ಸಾಫ್ಟ್‌ವೇರ್ ಬರೆಯುವವರು ದೋಷಗಳನ್ನು ಲೆಕ್ಕ ಇಡಲು ಕಟ್ಟಿದ ಸಾಧನ, ಇವತ್ತಿಗೂ ಅವರ ಮಾತೇ ಅದರಲ್ಲಿ ಹೆಚ್ಚು. ಅಸಾನಾವನ್ನು 2008ರಲ್ಲಿ ಶುರು ಮಾಡಿದ್ದು ಫೇಸ್‌ಬುಕ್ಕಿನಿಂದ ಹೊರಬಂದ ಡಸ್ಟಿನ್ ಮಾಸ್ಕೊವಿಟ್ಜ್ ಮತ್ತು ಜಸ್ಟಿನ್ ರೋಸೆನ್‌ಸ್ಟೈನ್. ಎಲ್ಲರ ಮುಂದೆಯೂ ಲ್ಯಾಪ್‌ಟಾಪ್ ತೆರೆದಿರುವ ಆಫೀಸಿಗೆ ಅದು ಚೆನ್ನಾಗಿ ಹೊಂದುತ್ತದೆ. ಬೇಸ್‌ಕ್ಯಾಂಪ್ 2004ರದ್ದು. ಷಿಕಾಗೋದ 37ಸಿಗ್ನಲ್ಸ್ ಆಗ ಬೇರೆಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದ ಸಣ್ಣ ಸಂಸ್ಥೆ, ಗಿರಾಕಿಗಳನ್ನೂ ಒಳಗೆ ಕೂರಿಸಿಕೊಂಡು ಕೆಲಸ ಮಾಡಲು ಅದನ್ನು ಕಟ್ಟಿತು. ಹೊರಗಿನವರಿಗೆ ಜಾಗ ಕೊಡುವ ಆ ಗುಣ ನನಗೆ ಬಹಳ ಹಿಡಿಸಿತು. ನಮ್ಮಲ್ಲೂ ಅರ್ಧ ಜನ ಹೊರಗಿನವರೇ. ಸಿಲಿಂಡರ್‌ನವರು, ಫಿಲಂನವರು, ಹೋರ್ಡಿಂಗ್ ಹಾಕುವವರು. ಅವರು ಕೂತಿರುವುದು ಮೆಷಿನ್ ಪಕ್ಕ, ಕೈಯಲ್ಲಿರುವುದು ಫೋನು.

ದರದ ಪುಟಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕು. ಮಂಡೇ ಡಾಟ್ ಕಾಮ್‌ನಲ್ಲಿ ಸೀಟುಗಳು ಗುಂಪಾಗಿ ಮಾರಾಟ: ಮೂರು, ಐದು, ಹತ್ತು ಹೀಗೆ. ಒಂಬತ್ತು ಜನರಿದ್ದರೆ ಹತ್ತಕ್ಕೆ ಕಟ್ಟಬೇಕು. ಬೇಸ್‌ಕ್ಯಾಂಪಿನ ದೊಡ್ಡ ಪ್ಲಾನು ಎಷ್ಟು ಜನ ಬಂದರೂ ಒಂದೇ ದರ, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ತಿಂಗಳಿಗೆ 299 ಡಾಲರ್. ದೊಡ್ಡ ಟೀಮಿಗೆ ಅಗ್ಗ, ನಮಗೆ ಭಾರ. ಅಸಾನಾದಲ್ಲಿ ಅನುಮೋದನೆಗೆಂದೇ ಬೇರೆ ವ್ಯವಸ್ಥೆ ಇದೆ: ಒಪ್ಪಿದೆ, ತಿದ್ದಿ ತನ್ನಿ, ಬೇಡ. ಪಿಡಿಎಫ್ ಮೇಲೆ ಬೆರಳಿಟ್ಟು ತೋರಿಸಿದಂತೆ ಗುರುತು ಹಾಕಬಹುದು. ನನಗೆ ಬೇಕಾದದ್ದು ಇದೇ. ಆದರೆ ಅದು ಸಿಗುವುದು ಮೇಲಿನ ಪ್ಲಾನಿನಲ್ಲಿ, ತಲೆಗೆ ತಿಂಗಳಿಗೆ 24.99 ಡಾಲರ್. ಡಾಲರಿಗೆ 88 ರೂಪಾಯಿ ಹಿಡಿದರೂ ಸುಮಾರು 2,200 ರೂಪಾಯಿ. ಟ್ರೆಲ್ಲೊದ ಸ್ಟ್ಯಾಂಡರ್ಡ್ ಪ್ಲಾನು ತಲೆಗೆ 5 ಡಾಲರ್, ನಮ್ಮದೇ ಕಾಲಂಗಳನ್ನು ಸೇರಿಸಲು ಬರುತ್ತದೆ, ಒಂದೇ ಬೋರ್ಡು ನೋಡುವ ಹೊರಗಿನವರಿಗೆ ದುಡ್ಡಿಲ್ಲ. ಜೋಹೋ ಪ್ರಾಜೆಕ್ಟ್ಸ್ ಪಕ್ಕದ ತಮಿಳುನಾಡಿನದು, ಬಿಲ್ಲು ರೂಪಾಯಿಯಲ್ಲಿ ಬರುತ್ತದೆ, ಹಂತಗಳು, ಟೈಮ್‌ಶೀಟ್, ಗ್ಯಾಂಟ್ ಚಾರ್ಟ್ ಎಲ್ಲ ಇದೆ.

ಬಿಲ್ಲು ಎಲ್ಲಿಂದ ಬರುತ್ತದೆ ಎಂಬುದನ್ನು ಅಕೌಂಟ್ಸಿನವರು ಮೊದಲೇ ಕೇಳಿದರು. ವಿದೇಶಿ ಕಂಪನಿ ನೇರವಾಗಿ ಬಿಲ್ ಮಾಡಿದರೆ ರಿವರ್ಸ್ ಚಾರ್ಜ್ ಪ್ರಕಾರ 18 ಪರ್ಸೆಂಟ್ ಐಜಿಎಸ್‌ಟಿ ನಾವೇ ಕಟ್ಟಿ, ಆಮೇಲೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಬೇಕು. ಕೊನೆಗೆ ನಷ್ಟವಿಲ್ಲ, ಆದರೆ ಅವರ ಕೈಗೆ ಒಂದು ಕೆಲಸ ಹೆಚ್ಚು. ಅವರನ್ನು ಕೇಳದೆ ನಿರ್ಧಾರ ಮಾಡುವುದಿಲ್ಲ ಎಂದು ಮಾತು ಕೊಟ್ಟೆ.

ಟ್ರೆಲ್ಲೊ ಮತ್ತು ಜೋಹೋ, ಎರಡನ್ನೂ ಗಣೇಶ ಹಬ್ಬದ ನಂತರ ನಿಜವಾದ ಕೆಲಸಕ್ಕೆ ಹಚ್ಚಿ ನೋಡುವುದು. ಡೆಮೊದಲ್ಲಿ ತೋರಿಸುವ ಪ್ರಾಜೆಕ್ಟಿನಲ್ಲಿ ಯಾರೂ ರಜೆ ಹಾಕುವುದಿಲ್ಲ, ಯಾರೂ ಮನಸ್ಸು ಬದಲಾಯಿಸುವುದಿಲ್ಲ. ಅದನ್ನು ನೋಡಿ ಕೊಳ್ಳುವುದಕ್ಕಾಗುವುದಿಲ್ಲ.

24 ಆಗಸ್ಟ್, ಭಾನುವಾರ

ಸೋದರಮಾವ ಊಟಕ್ಕೆ ಬಂದಿದ್ದರು. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, 1999ರ ಕೊನೆಗೆ ಅಲ್ಲಿಂದ ಮೊದಲ ಗಾಡಿಗಳು ಹೊರಬಂದ ಕಾಲದಿಂದಲೂ ಇದ್ದವರು. ಲ್ಯಾಪ್‌ಟಾಪಿನಲ್ಲಿ ನಮ್ಮ ಕೆಲಸಗಳನ್ನು ಹಾಕಿ ನೋಡುತ್ತಿದ್ದ ನನ್ನ ಬೋರ್ಡು ನೋಡಿದರು. ಎಡದಿಂದ ಬಲಕ್ಕೆ ಸಾಲುಗಳು, ಅದರೊಳಗೆ ಕಾರ್ಡುಗಳು. "ಇದು ಕಾನ್‌ಬಾನ್ ಅಲ್ವೇನಮ್ಮ?" ಅಂದರು. ಹೌದು, ಈ ಸಾಫ್ಟ್‌ವೇರುಗಳೆಲ್ಲ ಹೇಳಿಕೊಳ್ಳುವುದು ಅದನ್ನೇ, ಅಂದೆ. ಅವರು ಕಾರ್ಡುಗಳನ್ನು ಎಣಿಸುತ್ತಾ ಹೋದರು, 'ನಡೆಯುತ್ತಿದೆ' ಸಾಲಿನಲ್ಲೇ ಮೂವತ್ತು ದಾಟಿತು. "ಹಂಗಾದ್ರೆ ಇದು ಕಾನ್‌ಬಾನ್ ಅಲ್ಲ" ಅಂದರು.

ಆಮೇಲೆ ಊಟದ ಟೇಬಲ್ ಮೇಲೆ ಡಬ್ಬಿ ಇಟ್ಟು ವಿವರಿಸಿದರು. 1950ರ ದಶಕದಲ್ಲಿ ಜಪಾನಿನಲ್ಲಿ ಟೊಯೋಟಾದ ತೈಚಿ ಓನೊ ಇದನ್ನು ತಂದಾಗ, ಅಮೆರಿಕದ ಸೂಪರ್‌ಮಾರ್ಕೆಟ್ಟಿನಲ್ಲಿ ಗಿರಾಕಿ ಎತ್ತಿಕೊಂಡಷ್ಟನ್ನೇ ಮತ್ತೆ ತುಂಬುವ ಪದ್ಧತಿ ಅವರ ತಲೆಯಲ್ಲಿತ್ತು. ಬಿಡಿಭಾಗದ ಡಬ್ಬಿಯ ಜೊತೆ ಒಂದು ಕಾರ್ಡು ಹೋಗುತ್ತದೆ. ಮುಂದಿನವರು ಡಬ್ಬಿ ತೆಗೆದುಕೊಂಡಾಗ ಕಾರ್ಡು ಹಿಂದಕ್ಕೆ ಬರುತ್ತದೆ. ಕಾರ್ಡು ಕೈಗೆ ಬರದೆ ಹಿಂದಿನವರು ಹೊಸದನ್ನು ಮಾಡುವ ಹಾಗಿಲ್ಲ. ಕಾರ್ಡುಗಳಿರುವುದೇ ಇಷ್ಟು ಎಂದ ಮೇಲೆ ಮಧ್ಯದಲ್ಲಿ ರಾಶಿ ಬೀಳುವುದಿಲ್ಲ. "ಕಾರ್ಡು ಕೆಲಸ ಶುರು ಮಾಡೋಕಲ್ಲಮ್ಮ, ಜಾಸ್ತಿ ಶುರು ಮಾಡದೇ ಇರೋಕೆ."

ರಾತ್ರಿಯೆಲ್ಲ ಇದೇ ತಲೆಯಲ್ಲಿ ಓಡುತ್ತಿತ್ತು. ಕಂಪ್ಯೂಟರಿನಲ್ಲಿ ಕಾರ್ಡಿಗೆ ಕಾಸು ಬೇಕಿಲ್ಲ, ಜಾಗ ಬೇಕಿಲ್ಲ. ಸೇಲ್ಸಿನವರೊಬ್ಬರು ಬಸ್ಸಿನಲ್ಲಿ ಕೂತು ಐದು ಕಾರ್ಡು ಹಾಕಬಹುದು. ಅಷ್ಟೂ ಹೋಗಿ ಬೀಳುವುದು ಡಿಸೈನರ್ ಒಬ್ಬನ ಮೇಲೆ. ಹಾಗಾಗಿ ನಮ್ಮ ಬೋರ್ಡಿನಲ್ಲಿ 'ಡಿಸೈನ್' ಸಾಲಿಗೆ ನಾಲ್ಕೇ ಕಾರ್ಡು. ಐದನೆಯದು ಬೇಕೆಂದರೆ ಯಾವುದನ್ನು ಹಿಂದಕ್ಕೆ ಹಾಕಬೇಕು ಎಂದು ಕೇಳಿದವರೇ ಹೇಳಲಿ. ಟ್ರೆಲ್ಲೊದಲ್ಲಿ ಈ ಮಿತಿ ತೋರಿಸಲು ಪವರ್‌ಅಪ್ ಎಂಬ ಒಂದು ಸೇರ್ಪಡೆ ಸೌಲಭ್ಯ ಇದೆ, ಮಿತಿ ಮೀರಿದರೆ ಸಾಲಿನ ಬಣ್ಣ ಬದಲಾಗುತ್ತದೆ. ತಡೆಯುವುದಿಲ್ಲ, ತೋರಿಸುತ್ತದೆ. ತಡೆಯುವ ಕೆಲಸ ನನ್ನದು.

28 ಆಗಸ್ಟ್, ಗುರುವಾರ

ನಿನ್ನೆ ಗಣೇಶ ಚತುರ್ಥಿ, ಇವತ್ತು ರಜೆ ಹಾಕಿದ್ದೆ. ಡಿಸೈನರಿಗೆ ಯಾರೂ ಫೋನ್ ಮಾಡಬಾರದೆಂದು ಹೇಳಿದ್ದೆ. ಮಾಡಲಿಲ್ಲವಂತೆ.

4 ಸೆಪ್ಟೆಂಬರ್, ಗುರುವಾರ

ನಿನ್ನೆ ರಾತ್ರಿ ಜಿಎಸ್‌ಟಿ ಮಂಡಳಿಯ ತೀರ್ಮಾನ ಬಂತು. ನಮ್ಕೀನ್ ಮೇಲಿನ ತೆರಿಗೆ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಜಾರಿ ಸೆಪ್ಟೆಂಬರ್ 22ರಿಂದ. ಅಂದೇ ನವರಾತ್ರಿಯ ಮೊದಲ ದಿನ. ಜನರಿಗೆ ಒಳ್ಳೆಯದಾಯಿತು, ನಮಗೂ. ಆದರೆ ಇನ್ನು ಹದಿನೆಂಟು ದಿನದಲ್ಲಿ ನಮ್ಮ ಪ್ರತಿಯೊಂದು ಪ್ಯಾಕಿನ ಬೆಲೆ, ಪ್ರತಿಯೊಂದು ಪೋಸ್ಟರು, ದಸರಾ ಜಾಹೀರಾತು ಎಲ್ಲ ಬದಲಾಗಬೇಕು.

ಬೆಳಿಗ್ಗೆ ಎಲ್ಲರೂ ದೊಡ್ಡ ಯಜಮಾನರ ಕೋಣೆಯಲ್ಲಿ ಕೂತೆವು. ಅಕೌಂಟ್ಸಿನವರು ಲೆಕ್ಕ ಹಾಕಿದರು. 50 ರೂಪಾಯಿ ಪ್ಯಾಕು ಹೊಸ ತೆರಿಗೆಯಲ್ಲಿ 46 ರೂಪಾಯಿ 87 ಪೈಸೆ ಚಿಲ್ಲರೆ. 46 ಇಡಬೇಕೋ 47 ಇಡಬೇಕೋ ಎಂದು ಚರ್ಚೆ ನಡೆಯಿತು. ದೊಡ್ಡವರು, "46 ಹಾಕಿ. ಜನಕ್ಕೆ ಬರ್ಬೇಕಾದ್ದು ಜನಕ್ಕೆ ಹೋಗ್ಲಿ" ಅಂದರು. ಅಲ್ಲಿಗೆ ಮುಗಿಯಿತು.

10 ರೂಪಾಯಿ ಪ್ಯಾಕು ಬೇರೆ ಕಥೆ. ಅದನ್ನು 9 ರೂಪಾಯಿ 37 ಪೈಸೆಗೆ ಮಾರುವುದು ಹೇಗೆ? ಗೂಡಂಗಡಿಯಲ್ಲಿ ಚಿಲ್ಲರೆ ಯಾರು ಕೊಡುತ್ತಾರೆ? ಬೆಲೆ ಹಾಗೇ ಇಟ್ಟು ತೂಕ ಹೆಚ್ಚಿಸುವುದೇ ದಾರಿ. 40 ಗ್ರಾಂ ಇದ್ದದ್ದು ಲೆಕ್ಕದಲ್ಲಿ 42.67 ಗ್ರಾಂ ಆಗುತ್ತದೆ. 43 ಎಂದು ನಿಶ್ಚಯವಾಯಿತು. 50 ರೂಪಾಯಿ ಪ್ಯಾಕಿನಲ್ಲಿ ಬೆಲೆಯನ್ನು ಪ್ಯಾಕಿಂಗ್ ಲೈನಿನಲ್ಲೇ ಇಂಕ್‌ಜೆಟ್ ಹಾಕುತ್ತೇವೆ, ಅದು ಸುಲಭ. 10 ರೂಪಾಯಿಯದ್ದರಲ್ಲಿ ತೂಕ ಫಿಲಮ್ಮಿನ ಮೇಲೇ ಅಚ್ಚಾಗಿದೆ. ತೂಕ ಬದಲಾದರೆ ಕಪ್ಪು ಬಣ್ಣದ ಸಿಲಿಂಡರ್ ಹೊಸದಾಗಬೇಕು.

ಸಾಫ್ಟ್‌ವೇರ್ ಪರೀಕ್ಷೆಗೆ ಇದಕ್ಕಿಂತ ಬೇರೆ ಪ್ರಾಜೆಕ್ಟು ಹುಡುಕಬೇಕಿಲ್ಲ. ಪೌಚು ಮತ್ತು ಫಿಲಂ ಕೆಲಸ ಟ್ರೆಲ್ಲೊದಲ್ಲಿ, ಪೋಸ್ಟರು ಮತ್ತು ಅಂಗಡಿ ಸಾಮಗ್ರಿ ಜೋಹೋದಲ್ಲಿ ಎಂದು ಹಂಚಿದೆ. ಸಂಜೆಯೊಳಗೆ ಎರಡೂ ತುಂಬಿದವು. ಸಿಲಿಂಡರ್‌ನವರ ಹಿರಿಯರನ್ನು ಬೋರ್ಡಿಗೆ ಸೇರಿಸಿ ಫೋನ್ ಮಾಡಿದೆ. "ಅಣ್ಣಾ, ಒಂದು ಲಿಂಕ್ ಬಂದಿದೆ ನೋಡಿ." "ಇದನ್ನ ಒತ್ತಿದ್ರೆ ಏನಾಗುತ್ತಮ್ಮ?" "ನಿಮ್ಮ ಕೆಲಸ ಎಲ್ಲಿದೆ ಅಂತ ಕಾಣುತ್ತೆ. ಮುಗಿದ್ಮೇಲೆ ಬಲಗಡೆ ಸಾಲಿಗೆ ಎಳೀರಿ, ಅಷ್ಟೆ." ಸ್ವಲ್ಪ ಹೊತ್ತಿನಲ್ಲಿ ಒಂದು ಕಾರ್ಡು ಅಲುಗಾಡಿ ಬಲಕ್ಕೆ ಹೋಯಿತು, ಮತ್ತೆ ವಾಪಸ್ ಬಂತು. ಕಲಿಯುತ್ತಿದ್ದಾರೆ. ನನಗೆ ಬಹಳ ಸಂತೋಷವಾಯಿತು.

10 ಸೆಪ್ಟೆಂಬರ್, ಬುಧವಾರ

ಗ್ರಾಹಕ ವ್ಯವಹಾರ ಇಲಾಖೆಯ ಆದೇಶ ನಿನ್ನೆ ಬಂದಿದೆ. ಮಾರಾಟವಾಗದೆ ಉಳಿದ ಮಾಲಿನ ಮೇಲೆ ಹೊಸ ಬೆಲೆಯ ಸ್ಟಿಕ್ಕರ್ ಅಂಟಿಸಬಹುದು, ಮುದ್ರೆ ಒತ್ತಬಹುದು, ಡಿಸೆಂಬರ್ 31ರ ತನಕ. ಹಳೆಯ ಬೆಲೆ ಮುಚ್ಚಿಹೋಗಬಾರದು. ವಿತರಕರಿಗೆ ಸೂಚನೆ ಹೋಗಬೇಕು, ಪತ್ರಿಕೆಗಳಲ್ಲಿ ಜಾಹೀರಾತು ಬರಬೇಕು. ಸ್ಟಿಕ್ಕರಿಗೆ ಕಾರ್ಡು, ಸೂಚನೆಗೆ ಕಾರ್ಡು, ಪತ್ರಿಕೆ ಜಾಹೀರಾತಿಗೆ ಕಾರ್ಡು. 'ಡಿಸೈನ್' ಸಾಲು ಹಳದಿಯಾಯಿತು. ದೀಪಾವಳಿ ಕ್ಯಾಲೆಂಡರ್ ಕೆಲಸವನ್ನು ಹಿಂದಕ್ಕೆ ಹಾಕಿದವರು ಸೇಲ್ಸ್ ಮ್ಯಾನೇಜರೇ, ನಾನು ಹೇಳಬೇಕಾಗಲಿಲ್ಲ.

ಇವತ್ತು ದೊಡ್ಡ ಯಜಮಾನರ ಒಪ್ಪಿಗೆಯ ದಾರಿಯೂ ಗೊತ್ತಾಯಿತು. ಎಪ್ಪತ್ತು ದಾಟಿದವರು, ಪ್ರತಿ ಬ್ಯಾಚಿನ ಕೋಡುಬಳೆಯನ್ನು ಮುರಿದು ಸದ್ದು ಕೇಳಿಯೇ ಹೊರಗೆ ಬಿಡುವವರು. ಅವರು ಆ್ಯಪ್ ತೆರೆಯುವುದಿಲ್ಲ, ತೆರೆಯಬೇಕೆಂದು ಕೇಳುವುದೂ ಸರಿಯಲ್ಲ. ಇಷ್ಟು ದಿನ ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತಿದ್ದರು: "ಆ ಹಳದಿ ಸ್ವಲ್ಪ ಕಮ್ಮಿ ಮಾಡಮ್ಮ." ಯಾವ ಪ್ಯಾಕಿನ ಹಳದಿ, ಯಾವ ಪ್ರೂಫಿನದು ಎಂದು ಹುಡುಕುವಷ್ಟರಲ್ಲಿ ಅವರ ಮಗ, ಸೇಲ್ಸಿನವರು, ಕ್ವಾಲಿಟಿಯವರು ಎಲ್ಲರೂ ಅದರ ಕೆಳಗೆ ತಮ್ಮ ತಮ್ಮ ಮಾತು ಸೇರಿಸಿರುತ್ತಿದ್ದರು. ಮದುವೆ ಮನೆಯಲ್ಲಿ ಬಂದವರೆಲ್ಲ ಸೌಟು ಹಿಡಿದು ಉಪ್ಪು ನೋಡಿದ ಹಾಗೆ, ಭಟ್ಟರು ಯಾರ ಮಾತು ಕೇಳಬೇಕು?

ಈಗ ಹೀಗೆ: ಅಚ್ಚಿಗೆ ಹೋಗುವ ಪಿಡಿಎಫ್ ಅನ್ನೇ ಬಣ್ಣದಲ್ಲಿ ಪ್ರಿಂಟ್ ತೆಗೆದು ಕೋಆರ್ಡಿನೇಟರ್ ಹುಡುಗಿ ಅವರ ಮೇಜಿಗೆ ಒಯ್ಯುತ್ತಾಳೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದು ಸಾಲನ್ನೂ ಓದಿ, ಹಸಿರು ಇಂಕಿನಲ್ಲಿ ಸಹಿ ಮಾಡುತ್ತಾರೆ. ಅದರ ಫೋಟೋ ಕಾರ್ಡಿಗೆ ಸೇರುತ್ತದೆ. ಫೋಟೋ ಇಲ್ಲದ ಕಾರ್ಡು ಸಿಲಿಂಡರ್ ಸಾಲಿಗೆ ಹೋಗುವಂತಿಲ್ಲ. ಇವತ್ತು 43 ಗ್ರಾಂ ಪ್ಯಾಕಿನ ಹಿಂಬದಿ ಓದುತ್ತಾ ಅವರ ಬೆರಳು ನಿಂತಿತು. "ಇಲ್ಲಿ ಅರ್ಕಾವತ್ತು ಎಲ್ಲಿ ಹೋಯ್ತು?" ಎಲ್ಲರ ಕಣ್ಣನ್ನೂ ದಾಟಿ ಬಂದದ್ದು ಅವರ ಬೆರಳಿನಡಿ ಸಿಕ್ಕಿಬಿತ್ತು. ಸಿಲಿಂಡರಿಗೆ ಹೋಗುವ ಮೊದಲೇ ಸಿಕ್ಕಿತು.

13 ಸೆಪ್ಟೆಂಬರ್, ಶನಿವಾರ

ಚಿಕ್ಕ ಯಜಮಾನರ ಜೊತೆ ಇವತ್ತು ಗಟ್ಟಿಯಾಗಿ ಮಾತಾಡಬೇಕಾಯಿತು. ಜೋಹೋದ ವರದಿ ಪುಟಗಳನ್ನು ನೋಡಿ ಅವರಿಗೆ ಒಂದು ಯೋಚನೆ ಬಂದಿದೆ. ಯಾರು ವಾರಕ್ಕೆ ಎಷ್ಟು ಕೆಲಸ ಮುಗಿಸಿದರು, ಯಾರು ಎಷ್ಟು ಗಂಟೆ ಹಾಕಿದರು ಎಂಬುದನ್ನು ಡ್ಯಾಶ್‌ಬೋರ್ಡಿನಲ್ಲಿ ತೋರಿಸಿದರೆ ಇನ್‌ಕ್ರಿಮೆಂಟ್ ಹೊತ್ತಿಗೆ ಅನುಕೂಲ ಎಂದು.

ಬೇಡ ಸರ್, ಅಂದೆ. ಸೋಶಿಯಲ್ ಮೀಡಿಯಾ ನೋಡಿಕೊಳ್ಳುವ ಹುಡುಗಿ ದಿನಕ್ಕೆ ಆರು ಕಾರ್ಡು ಮುಗಿಸುತ್ತಾಳೆ, ಅವಳ ಕೆಲಸದ ಸ್ವಭಾವ ಹಾಗೆ. ಡಿಸೈನರ್ ವಾರವಿಡೀ ಒಂದೇ ಪೌಚಿನ ಮೇಲೆ ಕೂರುತ್ತಾನೆ. ಆ ಪೌಚು ಅಂಗಡಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಎಣಿಕೆ ಶುರುವಾದ ದಿನದಿಂದ ಅವನೂ ಒಂದು ಪೌಚನ್ನು ಹತ್ತು ಕಾರ್ಡು ಮಾಡುತ್ತಾನೆ. ಆಮೇಲೆ ನಮಗೆ ಬೋರ್ಡಿನಲ್ಲಿ ಕಾಣುವುದು ಕೆಲಸವಲ್ಲ, ಎಣಿಕೆಗೆ ಹೆದರಿ ಬರೆದ ಕಾರ್ಡು. ತಡವಾದದ್ದನ್ನು ತಡವಾಗಿದೆ ಎಂದು ಧೈರ್ಯವಾಗಿ ಬರೆಯುವವರು ಇರುವವರೆಗೆ ಮಾತ್ರ ಈ ಬೋರ್ಡಿಗೆ ಬೆಲೆ. ಗಂಟೆ ಬರೆಸುವುದು ಗಿರಾಕಿಗೆ ಗಂಟೆಯ ಲೆಕ್ಕದಲ್ಲಿ ಬಿಲ್ ಮಾಡುವ ಏಜೆನ್ಸಿಗಳಿಗೆ ಅಗತ್ಯ. ಅವರ ಅನ್ನ ಅದರಲ್ಲಿದೆ. ನಮಗೆ ಅದರಿಂದ ಏನೂ ಬರುವುದಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಲೇಟಾಗಿರೋದು ನನಗೆ ಹೇಗೆ ಗೊತ್ತಾಗ್ಬೇಕು?" ಅಂದರು. ನ್ಯಾಯವಾದ ಪ್ರಶ್ನೆ. ಯಾವ ಕಾರ್ಡು ಯಾವ ಸಾಲಿನಲ್ಲಿ ಎಷ್ಟು ದಿನದಿಂದ ನಿಂತಿದೆ ಎಂಬುದನ್ನು ಸೋಮವಾರ ಬೆಳಿಗ್ಗೆ ನಾನೇ ತೋರಿಸುತ್ತೇನೆ, ವ್ಯಕ್ತಿಯ ಹೆಸರಿನಿಂದಲ್ಲ, ಸಾಲಿನ ಹೆಸರಿನಿಂದ, ಅಂದೆ. ಒಪ್ಪಿದರು. ಈ ಬೋರ್ಡಿನ ಲೆಕ್ಕವನ್ನು ಸಂಬಳಕ್ಕೆ ಜೋಡಿಸುವುದಿಲ್ಲ ಎಂದು ಇಡೀ ಟೀಮಿಗೆ ಅವರೇ ಮೇಲ್ ಕಳಿಸಿದರು. ಅದು ಬಂದ ಮೇಲೆಯೇ ಕಾಪಿರೈಟರ್ ತನ್ನ ಬಾಕಿ ಕೆಲಸಗಳನ್ನೆಲ್ಲ ಬೋರ್ಡಿಗೆ ಹಾಕಿದ್ದು.

19 ಸೆಪ್ಟೆಂಬರ್, ಶುಕ್ರವಾರ

ನಿನ್ನೆ ಗ್ರಾಹಕ ವ್ಯವಹಾರ ಇಲಾಖೆ ತನ್ನ ಆದೇಶವನ್ನು ಬದಲಿಸಿದೆ. ಪತ್ರಿಕೆ ಜಾಹೀರಾತು ಕಡ್ಡಾಯವಲ್ಲ, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಸುತ್ತೋಲೆ ಕಳಿಸಿದರೆ ಸಾಕು. ಈಗಾಗಲೇ ತಯಾರಾದ ಮಾಲಿಗೆ ಸ್ಟಿಕ್ಕರೂ ಕಡ್ಡಾಯವಲ್ಲ. ಹಳೆಯ ಪ್ಯಾಕಿಂಗ್ ಫಿಲಮ್ಮನ್ನು ಬೆಲೆ ತಿದ್ದಿ 2026ರ ಮಾರ್ಚ್ 31ರವರೆಗೆ ಬಳಸಬಹುದು.

ಕೆಲಸ ಶುರು ಮಾಡಿಸುವುದಕ್ಕೆ ವಾಟ್ಸಾಪ್ ಸಾಕಾಗುತ್ತಿತ್ತು. ನಿಲ್ಲಿಸುವುದಕ್ಕೆ ಆಗುತ್ತಿರಲಿಲ್ಲ. 'ಮಾಡಿ' ಎಂಬ ಮೆಸೇಜು ಎಲ್ಲರಿಗೂ ಮುಟ್ಟುತ್ತದೆ, 'ಬೇಡ' ಎಂಬುದು ನೂರು ಮೆಸೇಜುಗಳ ಕೆಳಗೆ ಹೂತುಹೋಗುತ್ತದೆ. ಅಷ್ಟರಲ್ಲಿ ಒಬ್ಬರು ಜಾಹೀರಾತಿನ ಜಾಗ ಬುಕ್ ಮಾಡಿರುತ್ತಾರೆ, ಇನ್ನೊಬ್ಬರು ರಾತ್ರಿ ಕೂತು ಡಿಸೈನ್ ಮುಗಿಸಿರುತ್ತಾರೆ. ನಿನ್ನೆ ಸಂಜೆ ಪತ್ರಿಕೆ ಜಾಹೀರಾತಿನ ಕಾರ್ಡನ್ನು 'ನಿಲ್ಲಿಸಿದೆ' ಸಾಲಿಗೆ ಎಳೆದು ಕಾರಣವನ್ನು ಎರಡು ಸಾಲಿನಲ್ಲಿ ಬರೆದೆ. ಅದರ ಮೇಲಿದ್ದವರಿಗೆಲ್ಲ ಸೂಚನೆ ಹೋಯಿತು. ಜಾಗ ಬುಕ್ ಮಾಡುವವರು ಬುಕ್ ಮಾಡಲಿಲ್ಲ. ಡಿಸೈನರ್ ಏಳು ಗಂಟೆಗೆ ಕಂಪ್ಯೂಟರ್ ಮುಚ್ಚಿ ಮನೆಗೆ ಹೋದ. ಎಷ್ಟೋ ಡೆಮೊ ನೋಡಿದೆ, ನಿಂತ ಕೆಲಸ ಹೇಗೆ ಕಾಣುತ್ತದೆ ಎಂದು ಯಾರೂ ತೋರಿಸಿರಲಿಲ್ಲ. ಮಾರ್ಕೆಟಿಂಗಿನವರು ಸಾಫ್ಟ್‌ವೇರ್ ಕೊಳ್ಳುವ ಮುನ್ನ ಮೊದಲು ಕೇಳಬೇಕಾದದ್ದು ಅದನ್ನೇ ಎನ್ನುವುದು ನನಗೀಗ ಖಚಿತ.

ಸಿಲಿಂಡರ್ ನಿನ್ನೆಯೇ ಬಂತು. ಫಿಲಂ ಪ್ರಿಂಟ್ ನಾಳೆ.

6 ಅಕ್ಟೋಬರ್, ಸೋಮವಾರ

ದಸರಾ ಮುಗಿಯಿತು. ಟೀಮನ್ನೂ ಅಕೌಂಟ್ಸಿನವರನ್ನೂ ಕೂರಿಸಿಕೊಂಡು ನಿರ್ಧಾರ ಮಾಡಿದೆವು: ಟ್ರೆಲ್ಲೊ ಸ್ಟ್ಯಾಂಡರ್ಡ್, ವರ್ಷಕ್ಕೆ.

ಜೋಹೋ ಹೆಚ್ಚು ಕೆಲಸ ಮಾಡುತ್ತದೆ, ನಾವು ಕಟ್ಟಡ ಕಟ್ಟುವವರೋ ದೊಡ್ಡ ಏಜೆನ್ಸಿಯೋ ಆಗಿದ್ದರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳುತ್ತಿದ್ದೆ. ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವಾಗಬಾರದೆಂಬ ಸರಪಳಿ, ಗಂಟೆಯ ಲೆಕ್ಕ, ಬಜೆಟ್ಟು ಬೇಕಾದವರಿಗೆ ಅದು ಸರಿ. ನಮ್ಮಲ್ಲಿ ನಿರ್ಣಾಯಕವಾದದ್ದು ಸಿಲಿಂಡರ್‌ನವರ ಹಿರಿಯರು ಮತ್ತು ಫಿಲಂ ಪ್ರಿಂಟಿನ ಸೂಪರ್‌ವೈಸರ್. ಬೆರಳಲ್ಲಿ ಕಾರ್ಡು ಎಳೆಯುವುದು ಅವರಿಗೆ ಒಂದೇ ದಿನದಲ್ಲಿ ರೂಢಿಯಾಯಿತು, ಕೇಳದೆಯೇ ಮೆಷಿನ್ ಮೇಲಿನ ಫಿಲಮ್ಮಿನ ಫೋಟೋ ಹಾಕತೊಡಗಿದರು. ಆಫೀಸಿನಲ್ಲಿ ಕೂತ ನಾವು ಯಾವುದಕ್ಕಾದರೂ ಹೊಂದಿಕೊಳ್ಳಬಹುದು. ಅವರು ಹೊಂದಿಕೊಳ್ಳದಿದ್ದರೆ ಬೋರ್ಡಿನ ಬಲಗಡೆ ಅರ್ಧ ಖಾಲಿ, ಮತ್ತೆ ರಾತ್ರಿ ಹತ್ತಕ್ಕೆ ಫೋನು.

ಖರ್ಚು ತಲೆಗೆ ತಿಂಗಳಿಗೆ ಸುಮಾರು 440 ರೂಪಾಯಿ, ಒಂಬತ್ತು ಜನಕ್ಕೆ ನಾಲ್ಕು ಸಾವಿರದ ಆಸುಪಾಸು, ತೆರಿಗೆ ಬೇರೆ. ಅಸಾನಾದ ಮೇಲಿನ ಪ್ಲಾನಾಗಿದ್ದರೆ ಇಪ್ಪತ್ತು ಸಾವಿರದ ಹತ್ತಿರ ಆಗುತ್ತಿತ್ತು. ಆ ಅನುಮೋದನೆ ವ್ಯವಸ್ಥೆ ಚೆನ್ನಾಗಿದೆ, ಅದರ ಬೆಲೆ ಅದಕ್ಕೆ ಸಲ್ಲಬೇಕಾದದ್ದೇ. ಆದರೆ ನಮ್ಮ ಅಂತಿಮ ಒಪ್ಪಿಗೆ ಹಸಿರು ಇಂಕಿನ ಸಹಿಯಲ್ಲಿ ಬರುವವರೆಗೆ ಆ ದುಡ್ಡನ್ನು ಇನ್ನೊಬ್ಬ ಡಿಸೈನರನ್ನು ತೆಗೆದುಕೊಳ್ಳಲು ಉಳಿಸುವುದು ಮೇಲು. ಚಿಕ್ಕ ಯಜಮಾನರ ಮುಂದೆ ಈ ಮಾತನ್ನೂ ಇಟ್ಟೆ. ಜನವರಿಯಲ್ಲಿ ನೋಡೋಣ ಅಂದರು. ಬರೆದಿಟ್ಟುಕೊಂಡಿದ್ದೇನೆ.

24 ಅಕ್ಟೋಬರ್, ಶುಕ್ರವಾರ

ಬಲಿಪಾಡ್ಯಮಿ ಮುಗಿದು ಎಲ್ಲರೂ ವಾಪಸ್ ಬಂದಿದ್ದಾರೆ. ರಾಜ್ಯೋತ್ಸವದ ಪೋಸ್ಟರಿಗೆ ಡಿಸೈನರ್ ತಾನೇ ದಿನಾಂಕ ಹಾಕಿದ್ದಾನೆ, ಇದೇ 28ಕ್ಕೆ ಮುಗಿಸುತ್ತಾನಂತೆ. ನಾನು 27 ಅಂದುಕೊಂಡಿದ್ದೆ. ಅವನದ್ದೇ ಇರಲಿ.

ಪ್ಯಾಕಿಂಗಿನ ವಾಟ್ಸಾಪ್ ಗ್ರೂಪು ಮುಚ್ಚಿಲ್ಲ. ಫೋಟೋ, ಹಬ್ಬದ ಶುಭಾಶಯ, ತಮಾಷೆ ಅಲ್ಲಿ ನಡೆಯಲಿ. 'ಫೈನಲ್' ಎಂಬ ಫೈಲು ಮಾತ್ರ ಅಲ್ಲಿ ಬರಬಾರದೆಂದು ಹೇಳಿದ್ದೇನೆ.

ಮಾರ್ಚ್ 31ಕ್ಕೆ ಹಳೆಯ ಫಿಲಂ ಮುಗಿಯಬೇಕು. ಎಷ್ಟು ರೋಲು ಉಳಿದಿದೆ ಎಂಬ ಲೆಕ್ಕ ಸ್ಟೋರಿನವರ ಪುಸ್ತಕದಲ್ಲಿದೆ, ಬೋರ್ಡಿನಲ್ಲಿಲ್ಲ. ಸೋಮವಾರ ಸ್ಟೋರಿನವರ ಜೊತೆ ಕೂರಬೇಕು. ಹುಬ್ಬಳ್ಳಿಯ ವಿತರಕರು ತಮ್ಮನ್ನೂ ಬೋರ್ಡಿಗೆ ಸೇರಿಸಿ ಎಂದು ಕೇಳಿದ್ದಾರೆ. ಅವರಿಗೆ ಏನು ನೋಡಬೇಕಿದೆ ಎಂದು ಮೊದಲು ಫೋನ್ ಮಾಡಿ ತಿಳಿದುಕೊಳ್ಳಬೇಕು.